ಮೂರನೇ ಟೇಕ್

ಖಾಲಿ ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ನಿಂತುಬಿಟ್ಟಿತು. ಸತ್ತವನ ತಮ್ಮ ಭುಜ ಕೊಟ್ಟು ನೂಕಿದ. ಗೋಡೆಯ ಗಾರೆ ಉದುರಿತೇ ಹೊರತು ಪೆಟ್ಟಿಗೆ ಅಲುಗಲಿಲ್ಲ. ಸಿಟ್ಟು ನೆತ್ತಿಗೇರಿ ಅದನ್ನು ಒಮ್ಮೆ ಒದ್ದೂ ಬಿಟ್ಟ.

“ಎಡಕ್ಕೆ ಎತ್ತಿ ಅಂದ್ರೆ ಬಲಕ್ಕೆ ಎಳೀತೀರಲ್ಲ! ಕಣ್ಣು ಎಲ್ಲಿಟ್ಟಿದ್ದೀರಿ ನೀವೆಲ್ಲ?” ಎಂದು, ಕೆಳಗೆ ಹಿಡಿದಿದ್ದ ಪ್ರಾರ್ಥನಾಮಂದಿರದ ನಾಲ್ವರ ಮೇಲೆ ಹಾರಿಬಿದ್ದ.

ಸತ್ತವನ ಹೆಂಡತಿ ಮೇಲಿನ ಮೆಟ್ಟಿಲಲ್ಲಿ ನಿಂತು ಬಲಗಿವಿಯನ್ನು ಅವರ ಕಡೆ ತಿರುಗಿಸಿದಳು. ಅವಳ ಎಡಗಿವಿ ಹದಿಮೂರು ವರ್ಷದಿಂದ ಕೇಳುತ್ತಿರಲಿಲ್ಲ.

“ಅದನ್ನ ಕೆಳಗೇ ಇಡಿ,” ಎಂದಳು. “ಅವರನ್ನ ಹಾಸಿಗೆ ಸಮೇತ ಹೊತ್ತು ಇಳಿಸಿದ್ರಾಯ್ತು. ಬೀರು ತಂದಾಗ್ಲೂ ಹೀಗೇ ಸಿಕ್ಕಿಕೊಂಡಿತ್ತು.”

“ಆಗ ಏನ್ಮಾಡಿದ್ರಿ ಅತ್ತಿಗೆ?”

“ನಿಮ್ಮಣ್ಣ ಸುತ್ತಿಗೆ ತಗೊಂಡು ಬೀರು ಒಡೆದುಹಾಕಿದ್ರು.”

ನಾಲ್ವರಲ್ಲಿ ಒಬ್ಬನಿಗೆ ನಗು ಬಂತು. ಅವಳು ನಗಲಿಲ್ಲವೆಂದು ಕಂಡು, ಕೆಮ್ಮಿ ನುಂಗಿಕೊಂಡ.

ಮೇಲೆ ಮನೆ, ಕೆಳಗೆ ಅಂಗಡಿ. ಊರಿನ ಅರ್ಧ ಕಿಟಕಿಗಳಿಗೆ ಗಾಜು ಕೂರಿಸಿದವನು ಅವನು. ಎಲ್ಲರೂ ಅವನನ್ನು ಗಾಜಿನವನು ಎಂದೇ ಕರೆಯುತ್ತಿದ್ದರು. ಗಾಜಿನ ಮೇಲೆ ವಜ್ರದ ಮೊನೆ ಎಳೆದು, ಹೆಬ್ಬೆರಳಿನಿಂದ ಒಂದೇ ಒಂದು ಸಲ ಒತ್ತಿದರೆ ಹಾಳೆ ಗೆರೆಯ ಮೇಲೇ ಎರಡಾಗುತ್ತಿತ್ತು. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆ ಕೈಗೆ ಗೊತ್ತಿತ್ತು. ಮನೆಯಲ್ಲೂ ಗೊತ್ತಿತ್ತು. ಏಟು ಎಲ್ಲಿ ಬಿದ್ದರೆ ಬಟ್ಟೆಯೊಳಗೆ ಉಳಿಯುತ್ತದೆ ಎಂಬುದರಲ್ಲಿ ಅವನು ತಪ್ಪಿದ್ದು ಕಡಿಮೆ.

ಗುರುವಾರ ಮಧ್ಯಾಹ್ನ ಗೋಡೆಗೆ ಒರಗಿಸಿಟ್ಟಿದ್ದ ಆಳೆತ್ತರದ ಹಾಳೆಗಳು ಒಟ್ಟಿಗೆ ಜಾರಿ ಅವನ ಮೇಲೆ ಬಿದ್ದಿದ್ದವು. ತೊಡೆಯ ರಕ್ತನಾಳ ಕತ್ತರಿಸಿಹೋಗಿತ್ತು. ಅಂಗಡಿಯ ನೆಲವನ್ನು ಮೂರು ಸಲ ತೊಳೆದರೂ ಸಿಮೆಂಟಿನ ಬಿರುಕುಗಳಲ್ಲಿ ಕೆಂಪು ಹಾಗೇ ಇತ್ತು. ಬಂದವರು ಅದನ್ನು ತುಳಿಯದಂತೆ ಕಾಲು ಎತ್ತಿಟ್ಟು ಒಳಗೆ ಬರುತ್ತಿದ್ದರು.

“ಕೂಗ್ಲಿಲ್ವಾ ಪಾಪ?” ಎಂದು ಎದುರು ಮನೆಯ ದರ್ಜಿಯ ಹೆಂಡತಿ ಯಾರನ್ನೋ ಕೇಳಿದಳು.

“ಕೂಗಿರ್ತಾರೆ. ಇವರಿಗೆ ಕಿವಿ ಮಂದ ಅಲ್ವಾ, ಕೇಳಿಸಿರಲ್ಲ.”

ಸತ್ತವನ ಹೆಂಡತಿ ಆ ಮಾತನ್ನು ತಿದ್ದಲಿಲ್ಲ.

ಹೆಣವನ್ನು ಪೆಟ್ಟಿಗೆಯಲ್ಲಿ ಮಲಗಿಸುವ ಹೊತ್ತಿಗೆ ಮಗಳು ಬಂದಳು. ಬೇರೆ ಊರಿನಲ್ಲಿ ಓದಿ ನರ್ಸ್ ಆಗಿ, ಮೂರು ವರ್ಷದಿಂದ ಇದೇ ಊರಿನ ಆಸ್ಪತ್ರೆಯಲ್ಲಿದ್ದರೂ ಈ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಡ್ಯೂಟಿ ಮುಗಿಸಿ ಸೀದಾ ಬಂದವಳ ಮೈಯಿಂದ ಇನ್ನೂ ಡೆಟಾಲ್ ವಾಸನೆ ಹೋಗಿರಲಿಲ್ಲ. ಅಪ್ಪನ ಮುಖ ನೋಡಿದಳು. ಬಲಗೈಯ ಅಂಗಿತೋಳನ್ನು ಮೇಲಕ್ಕೆ ಸರಿಸಿ, ಮೊಣಕೈ ಕೆಳಗಿನ ಉದ್ದ ಗಾಯದ ಗುರುತನ್ನು ನೋಡಿದಳು. ಮತ್ತೆ ತೋಳು ಇಳಿಸಿ ಗುಂಡಿ ಹಾಕಿದಳು.

“ಬಂದ್ಯಾ,” ಎಂದಳು ತಾಯಿ.

“ಬಂದೆ. ಅವ್ರಿಗೋಸ್ಕರ ಅಲ್ಲ.”

ತಾಯಿ ಅವಳನ್ನು ಚೌಕಟ್ಟಿನ ಪಟ್ಟಿಗಳನ್ನು ಪೇರಿಸಿಟ್ಟ ಮೂಲೆಗೆ ಕರೆದೊಯ್ದಳು.

“ನಂಗೆ ಕೇಳಿಸ್ತು ಕಣೇ.”

“ಏನು?”

“ಅವರು ಕೂಗಿದ್ದು. ಎರಡು ಸಲ ಕೂಗಿದ್ರು. ನಾನು ಮೇಲೆ ಬಾಗಿಲ ಹಿಂದೆ ನಿಂತೆ. ಅವರು ಹಾಗೆ ಕೂಗಿದ್ರೆ ಒಡನೆ ಹೋಗ್ಬಾರದು, ಸ್ವಲ್ಪ ಹೊತ್ತು ಬಿಟ್ಟು ಹೋದ್ರೆ ಅರ್ಧ ಸಿಟ್ಟು ಇಳಿದಿರುತ್ತೆ. ಅಭ್ಯಾಸ. ಕಾಲೇ ಏಳ್ಲಿಲ್ಲ. ಆಮೇಲೆ ಸುಮ್ಮನಾದ್ರು. ಸಿಟ್ಟು ಇಳೀತು ಅಂದ್ಕೊಂಡು ಇಳಿದು ಬಂದೆ.”

ಮಗಳು ತಾಯಿಯ ಮಣಿಕಟ್ಟು ಹಿಡಿದು, ನಾಡಿ ನೋಡುವವಳ ಹಾಗೆ ಬಹಳ ಹೊತ್ತು ಬಿಡದೆ ನಿಂತಳು.

*

ಸಿನಿಮಾದ ಯೋಚನೆ ಪ್ರಾರ್ಥನಾಮಂದಿರದ ಬೋಧಕರದು. ಹದಿಮೂರು ವರ್ಷದ ಹಿಂದೆ ಗಂಡನ ಏಟಿಗೆ ಅವಳ ಭುಜದ ಮೂಳೆ ಮುರಿದಾಗ ಆಸ್ಪತ್ರೆಗೆ ಬಂದು ಕೂತವರು ಅವರು. ಒಳ್ಳೆಯ ಮನುಷ್ಯ. ಯಾರ ಮನೆಯಲ್ಲಿ ಕಷ್ಟ ಎಂದರೂ ಊಟ ಬಿಟ್ಟು ಓಡುವವರು. ಒಡೆದ ಸಂಸಾರಗಳನ್ನು ಕಂಡರೆ ಅವರಿಗೆ ತಮ್ಮ ಕೈಯೇ ಮುರಿದಷ್ಟು ಸಂಕಟ.

“ತಂಗೀ, ದೇವರು ಜೋಡಿಸಿದ್ದನ್ನ ನಾವು ಬಿಡಿಸಬಾರದು,” ಎಂದರು. “ನಿಮ್ಮಿಬ್ಬರ ಕತೇನೇ ನಾವು ಸಿನಿಮಾ ಮಾಡೋಣ. ಅವರು ತಮ್ಮ ಪಾಪ ಎಲ್ಲರ ಮುಂದೆ ಒಪ್ಪಿಕೊಂಡ ಹಾಗಾಗುತ್ತೆ. ನೀವು ಕ್ಷಮಿಸಿದ ಹಾಗೂ ಆಗುತ್ತೆ. ನೋಡಿದವರ ಮನೇನೂ ಉಳಿಯುತ್ತೆ.”

ಗಾಜಿನವನು ಮೊದಲು ಒಲ್ಲೆ ಎಂದ. ಆಮೇಲೆ ಬೋಧಕರ ಕಾಲು ಹಿಡಿದು ಅತ್ತ. ಅವನ ಅಳು ಸುಳ್ಳಾಗಿರಲಿಲ್ಲ. ಅವನು ಅತ್ತಾಗೆಲ್ಲ ನಿಜವಾಗಿಯೇ ಅಳುತ್ತಿದ್ದ. ಅದೇ ಅವಳ ಕಷ್ಟ.

ಮದುವೆ ಫೋಟೋ ತೆಗೆಯುವ ಸ್ಟುಡಿಯೋದವನು ಕ್ಯಾಮೆರಾ ತಂದ. ಅವರದೇ ಅಡುಗೆಮನೆಯಲ್ಲಿ, ಅವರದೇ ಮೇಜಿನ ಮುಂದೆ ಮೂರು ವಾರ ಶೂಟಿಂಗ್ ನಡೆಯಿತು. ಗಂಡ ಕುಡಿದು ಬರುತ್ತಾನೆ, ಹೆಂಡತಿಗೆ ಹೊಡೆಯುತ್ತಾನೆ. ಅವಳು ಮೊಣಕಾಲೂರಿ ಅವನಿಗಾಗಿ ಪ್ರಾರ್ಥಿಸುತ್ತಾಳೆ. ಎದುರಾಡುವುದಿಲ್ಲ, ಮನೆ ಬಿಡುವುದಿಲ್ಲ. ಕೊನೆಗೆ ಅವನ ಕಲ್ಲೆದೆ ಕರಗುತ್ತದೆ.

ಹೊಡೆಯುವ ದೃಶ್ಯ ಮಾತ್ರ ಕೂಡಿಬರಲಿಲ್ಲ. ನಾಲ್ಕು ಜನರ ಮುಂದೆ ಗಾಜಿನವನು ಎಂದೂ ಕೈ ಎತ್ತಿದವನಲ್ಲ. ಮೊದಲನೇ ಟೇಕಿನಲ್ಲಿ ಅವನ ಕೈ ಅವಳ ಕೆನ್ನೆಯ ಮೇಲೆ ಧೂಳು ಒರೆಸಿದ ಹಾಗೆ ಹೋಯಿತು. ಎರಡನೆಯದರಲ್ಲಿ ಗಾಳಿಗೆ ಬೀಸಿತು. ಸುತ್ತ ನಿಂತವರು ಕಿಸಕ್ಕನೆ ನಕ್ಕರು.

“ಜೋರಾಗಿ ಹೊಡೀರಿ ಅಂತ ನಾನು ಹೇಳಲ್ಲ,” ಎಂದರು ಬೋಧಕರು. “ಆದ್ರೆ ನೋಡೋರು ನಂಬಬೇಕಲ್ಲ?”

ನಗು ಕೇಳಿ ಅವನ ಕತ್ತಿನ ನರ ಉಬ್ಬಿದ್ದು ಅವಳೊಬ್ಬಳಿಗೇ ಕಂಡಿತು. ಅವನು ಹತ್ತಿರ ಬಂದು, ಅವಳ ಕೂದಲು ಸರಿಮಾಡುವ ನೆಪದಲ್ಲಿ, “ನೀನು ಮುಖ ಹಿಂದಕ್ಕೆ ಎಳ್ಕೋತಾ ಇದ್ದೀಯ. ಬೇಕಂತಲೇ ನನ್ನ ಮಾನ ತೆಗೀತಿದ್ದೀಯ,” ಎಂದು ಪಿಸುಗುಟ್ಟಿದ.

ಮೂರನೇ ಟೇಕ್. ಏಟು ಎಡಗಿವಿಯ ಮೇಲೆ ಬಿತ್ತು. ಅವಳು ಮೇಜಿನ ಅಂಚಿಗೆ ಬಡಿದು ನೆಲಕ್ಕುರುಳಿದಳು. ತಟ್ಟೆಗಳು ಅವಳ ಮೇಲೆ ಬಿದ್ದು ಒಡೆದವು. ಕಿವಿಯೊಳಗೆ ಏನೋ ಹರಿದು, ಬಿಸಿಯಾದದ್ದು ಕತ್ತಿನವರೆಗೆ ಇಳಿಯಿತು. ಕಣ್ಣು ತೆರೆದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅರ್ಧ ಮಾತ್ರ ಕೇಳಿಸುತ್ತಿತ್ತು.

ಬೋಧಕರ ಕಣ್ಣಲ್ಲಿ ನೀರಿತ್ತು. “ಎಷ್ಟು ಸಹಜ! ಎಷ್ಟು ನಿಜ!”

“ಪ್ರಾರ್ಥನೆ ಸೀನೂ ಈಗ್ಲೇ ತೆಗೆದುಬಿಡೋಣ,” ಎಂದ ಸ್ಟುಡಿಯೋದವನು. “ಮುಖದಲ್ಲಿ ಆ ಭಾವ ಇರೋವಾಗ್ಲೇ.”

ಅವಳು ಮೊಣಕಾಲೂರಿದಳು. ಸಿನಿಮಾ ನೋಡಿದವರೆಲ್ಲ ಆ ದೃಶ್ಯದಲ್ಲಿ ಅವಳ ಮುಖದ ಮೇಲೆ ಬೇರೆ ಲೋಕದ ಕಳೆ ಇದೆ ಎಂದು ಹೊಗಳಿದರು. ತಲೆ ಸುತ್ತಿ ವಾಂತಿ ಬರುವುದನ್ನು ತಡೆದುಕೊಂಡವಳ ಮುಖ ಅದು.

ಅದಾದ ಮೇಲೆ ಏಳು ತಿಂಗಳು ಅವನು ಕೈ ಎತ್ತಲಿಲ್ಲ. ಸಿನಿಮಾ ಊರೂರು ಸುತ್ತಿತು. ಬೀದಿಯಲ್ಲಿ ಜನ ನಿಲ್ಲಿಸಿ ಅವನ ಕೈ ಕುಲುಕುತ್ತಿದ್ದರು, ಅವಳನ್ನು ಸಿನಿಮಾದಕ್ಕ ಎಂದು ಕರೆಯುತ್ತಿದ್ದರು. ಸಂಜೆ ಅವನೇ ಅವಳ ಕಿವಿಗೆ ಔಷಧಿ ಬಿಟ್ಟು, ಹತ್ತಿಯಿಟ್ಟು, ಇನ್ನೊಂದು ಕಿವಿಯಲ್ಲಿ ತಮಾಷೆ ಮಾತಾಡಿ ನಗಿಸುತ್ತಿದ್ದ. ಅವಳು ನಂಬಿದಳು. ಮದುವೆಯಾದ ಮೇಲೆ ಮೊದಲ ಸಲ, ಅವನು ಮೆಟ್ಟಿಲೇರುವ ಸದ್ದಿಗೆ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿರಲಿಲ್ಲ.

ಎಂಟನೆಯ ತಿಂಗಳು ಉಪ್ಪು ಹೆಚ್ಚಾಯಿತು ಎಂದು ಬಿಸಿ ಪಾತ್ರೆ ಅವಳ ಬೆನ್ನಿಗೆ ಬಂತು.

*

ಪ್ರಾರ್ಥನಾಮಂದಿರ ತುಂಬಿತ್ತು. ಪೆಟ್ಟಿಗೆಯ ಹಿಂದೆ ಬಿಳಿ ಪರದೆ ಇಳಿಬಿಟ್ಟಿದ್ದರು.

“ಸಿನಿಮಾ ಹತ್ತೇ ನಿಮಿಷ ತೋರಿಸ್ತೀವಿ ತಂಗೀ,” ಎಂದರು ಬೋಧಕರು. ಈಗ ಅವರ ತಲೆ ಪೂರ್ತಿ ನರೆತಿತ್ತು. “ಬೇರೆ ಬೇರೆ ಊರಿಂದ ಬಂದಿದ್ದಾರೆ. ಆಮೇಲೆ ನೀವು ಎರಡು ಮಾತು ಹೇಳಿದ್ರೆ ಸಾಕು.”

ಮಗಳ ಮುಖ ಬಿಗಿಯಿತು. ತಾಯಿ ಅವಳ ಕೈ ಅದುಮಿದಳು.

ಬಸ್ ಕಂಡಕ್ಟರ್ ಒಬ್ಬ ಹೆಂಡತಿಯನ್ನು ಮುಂದಿಟ್ಟುಕೊಂಡು ಬಂದ. ಅಗಲ ಎದೆ, ನಗುಮುಖ, ಎಲ್ಲರಿಗೂ ಜಾಗ ಮಾಡಿಕೊಡುವ ಉತ್ಸಾಹ.

“ಅಕ್ಕಾ, ನಮ್ಮ ಸಂಸಾರ ಉಳಿದಿದ್ದೇ ನಿಮ್ಮ ಸಿನಿಮಾದಿಂದ. ಇವಳು ತವರಿಗೆ ಓಡಿಹೋಗಿದ್ಲು. ಬೋಧಕರು ಇಬ್ಬರನ್ನೂ ಕೂರಿಸಿ ತೋರಿಸಿದ್ರು. ಆವತ್ತೇ ವಾಪಸ್ ಬಂದ್ಲು. ಹೇಳೇ, ಅಕ್ಕನಿಗೆ ಹೇಳು.”

“ಹೌದು,” ಎಂದಳು ಹೆಂಡತಿ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಆ ಸೆಖೆಯಲ್ಲೂ ಬೆರಳ ಗಂಟಿನವರೆಗೆ ಬರುವ ತೋಳಿನ ರವಿಕೆ ತೊಟ್ಟಿದ್ದಳು. ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಗಂಡ ಇರುವ ಬದಿಯ ಭುಜ ಒಂದಿಷ್ಟು ಮೇಲೆತ್ತಿಕೊಂಡೇ ನಿಂತಿದ್ದಳು. ಸಿನಿಮಾದಕ್ಕನಿಗೆ ಆ ನಿಲುವು ಗೊತ್ತು. ತಮ್ಮ ಅಂಗಡಿಯ ಕನ್ನಡಿಗಳಲ್ಲಿ ಇಪ್ಪತ್ತೆಂಟು ವರ್ಷ ಅದನ್ನು ನೋಡಿದ್ದಳು.

ಹಿತ್ತಲಿನ ನಲ್ಲಿಯ ಹತ್ತಿರ ಅವಳು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಆ ಹುಡುಗಿ ಹಿಂದೆಯೇ ಬಂದಳು. ಎರಡು ಸಲ ಕರೆದಿರಬೇಕು; ಎಡಗಡೆಯಿಂದ ಬಂದಿದ್ದರಿಂದ ಕೇಳಿಸಲಿಲ್ಲ. ಎದುರಿಗೆ ಬಂದು ನಿಂತಳು.

“ಅಕ್ಕಾ, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ.”

“ಕೇಳಮ್ಮ.”

“ನಿಮ್ಮೋರು ಎಷ್ಟು ದಿನಕ್ಕೆ ನಿಲ್ಲಿಸಿದ್ರು?”

ನಲ್ಲಿ ಹರಿಯುತ್ತಲೇ ಇತ್ತು.

“ಸಿನಿಮಾದಲ್ಲಿ ಅದನ್ನ ತೋರಿಸಿಲ್ಲ,” ಎಂದು ಹುಡುಗಿ ಅವಸರದಲ್ಲಿ ಮುಂದುವರಿಸಿದಳು. “ನಾನು ನೀವು ಮಾಡಿದ ಹಾಗೇ ಮಾಡ್ತಿದ್ದೀನಿ ಅಕ್ಕಾ. ಎದುರು ಮಾತಾಡಲ್ಲ. ಮೊಣಕಾಲೂರಿ ಕೂರ್ತೀನಿ. ನಾಲ್ಕು ವರ್ಷ ಆಯ್ತು. ನನ್ನಲ್ಲೇ ಏನಾದ್ರೂ ಕಮ್ಮಿ ಇದ್ಯಾ ಅಂತ...”

ಒಳಗಿನಿಂದ ಕಂಡಕ್ಟರ್ ಅವಳನ್ನು ಕರೆದ. ಜೋರಾಗಿ ಕರೆಯಲಿಲ್ಲ. ಹುಡುಗಿ ಮಾತು ಅಲ್ಲೇ ಬಿಟ್ಟು ಓಡಿದಳು.

*

ಹನ್ನೊಂದು ವರ್ಷದ ಹಿಂದೆ ಮಗಳಿಗೆ ಹದಿನಾರು. ಭಾನುವಾರ, ಪ್ರಾರ್ಥನೆ ಮುಗಿಸಿ ಮೂವರೂ ಮನೆಗೆ ಬಂದಿದ್ದರು. ಆ ಬೆಳಿಗ್ಗೆ ಗಾಜಿನವನು ವೇದಿಕೆಯ ಮೇಲೆ ನಿಂತು ತಾನು ಹೇಗೆ ಬದಲಾದೆ ಎಂದು ಸಾಕ್ಷಿ ಹೇಳಿದ್ದ. ಅವನು ಮಾತಾಡುವಾಗ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳಂತೆ.

ಅಂಗಡಿಯ ಶಟರ್ ಎಳೆದು, ಚೌಕಟ್ಟಿಗೆ ಕೊಯ್ದಿಟ್ಟ ಮರದ ಪಟ್ಟಿ ತೆಗೆದುಕೊಂಡ. ಮೊದಲನೆಯದು ಅವಳ ಬೆನ್ನ ಮೇಲೆ ಮುರಿಯಿತು. ಎರಡನೆಯದನ್ನು ತೆಗೆದುಕೊಳ್ಳಲು ತಿರುಗಿದಾಗ ಮಗಳು ಮೆಟ್ಟಿಲಿಳಿದು ಬಂದು, ನೆಲದಲ್ಲಿದ್ದ ಗಾಜಿನ ಚೂರನ್ನು ಎತ್ತಿಕೊಂಡು ಅವನ ಬಲಗೈಗೆ ಎಳೆದಳು. ಚರ್ಮ ತೆರೆದುಕೊಂಡಿತು. ಅವನು ರಕ್ತವನ್ನು ನೋಡಿದ, ಮಗಳನ್ನು ನೋಡಿದ. ಅವಳ ಅಂಗೈಯೂ ಸೀಳಿ ಹನಿಯುತ್ತಿತ್ತು.

“ಇನ್ನೊಂದು ಹೆಜ್ಜೆ ಬಂದ್ರೆ ಕತ್ತಿಗೇ ಹಾಕ್ತೀನಿ,” ಎಂದಳು.

ಆಗ ತಾಯಿ ನೆಲದಿಂದ ಎದ್ದು ಇಬ್ಬರ ನಡುವೆ ಬಂದು ನಿಂತಳು. ಗಂಡನಿಗೆ ಬೆನ್ನು ಹಾಕಿ, ಮಗಳ ಕಡೆ ಮುಖ ಮಾಡಿ. ಕೈ ಎತ್ತಿ ಮಗಳ ಕೆನ್ನೆಗೆ ಬಾರಿಸಿದಳು.

“ಅಪ್ಪನ ಮೇಲೆ ಕೈ ಮಾಡ್ತೀಯಾ?”

ಅವನು ಮಗಳನ್ನು ಕೊಂದೇಬಿಡುತ್ತಾನೆ ಎಂಬ ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಮಗಳು ಚೂರನ್ನು ಕೆಳಗೆ ಬಿಟ್ಟು, ಕೈಗೆ ಬಟ್ಟೆ ಸುತ್ತಿಕೊಂಡು, ಶಟರ್ ಅರ್ಧ ಎತ್ತಿ ಬಗ್ಗಿ ಹೊರಗೆ ಹೋದಳು. ತಿರುಗಿ ನೋಡಲಿಲ್ಲ.

*

ಪರದೆಯ ಮೇಲೆ ಅವಳದೇ ಅಡುಗೆಮನೆ ಬಂತು. ತೆಳ್ಳಗಿದ್ದ ಗಂಡ, ಎರಡು ಕಿವಿಯಿದ್ದ ಅವಳು. ಕೈ ಎತ್ತಿದ್ದು, ಏಟು, ತಟ್ಟೆಗಳ ಸದ್ದು. ಸಭೆ ಉಸಿರೆಳೆದುಕೊಂಡಿತು. ಹೆಂಗಸರು ಕಣ್ಣೊರೆಸಿಕೊಂಡರು. ಪರದೆಯ ಬೆಳಕು ಕೆಳಗೆ ಪೆಟ್ಟಿಗೆಯಲ್ಲಿದ್ದ ಮುಖದ ಮೇಲೆ ಬಣ್ಣ ಬದಲಿಸುತ್ತ ಹರಿದಾಡಿತು.

ಬೋಧಕರು ಚಿತ್ರ ನಿಲ್ಲಿಸಿ ಅವಳಿಗೆ ಮೈಕ್ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಈಗ ನೋಡಿದ್ರಲ್ಲ, ಆ ಏಟು ನಟನೆ ಅಲ್ಲ,” ಎಂದಳು. “ಮೂರನೇ ಟೇಕು ಅದು. ಆವತ್ತಿಂದ ನಂಗೆ ಈ ಕಿವಿ ಕೇಳಲ್ಲ.”

ಯಾರೋ ಕುರ್ಚಿ ಸರಿಸಿದರು.

“ನಲ್ಲಿ ಹತ್ರ ಒಬ್ಬ ತಂಗಿ ಕೇಳಿದ್ಲು, ಎಷ್ಟು ದಿನಕ್ಕೆ ನಿಲ್ಲಿಸಿದ್ರು ಅಂತ. ನಿಲ್ಲಿಸಲಿಲ್ಲಮ್ಮ. ಏಳು ತಿಂಗಳು ಬಿಟ್ಟಿದ್ರು. ಆಮೇಲೆ ಮೊನ್ನೆ ಬುಧವಾರದವರೆಗೂ ಹೊಡೆದ್ರು. ನಿನ್ನಲ್ಲಿ ಏನೂ ಕಮ್ಮಿ ಇಲ್ಲ.”

“ಅತ್ತಿಗೆ!” ಮೈದುನ ಎದ್ದು ನಿಂತ. “ಹೆಣ ಇನ್ನೂ ಮುಂದಿದೆ!”

ಬೋಧಕರು ಅವಳ ಕಡೆ ಒಂದು ಹೆಜ್ಜೆ ಇಟ್ಟರು. “ತಂಗೀ... ನನಗೆ ಗೊತ್ತಿರ್ಲಿಲ್ಲ.”

“ಭುಜದ ಮೂಳೆ ಮುರಿದಾಗ ನೋಡೋಕೆ ಬಂದಿದ್ದು ನೀವೇ, ಬೋಧಕರೇ,” ಎಂದಳು. ದನಿ ಏರಿಸಲಿಲ್ಲ.

ಮೈದುನ ವೇದಿಕೆಗೆ ನುಗ್ಗಿ ಮೈಕ್ ಕಿತ್ತುಕೊಂಡ. ಕಿತ್ತುಕೊಂಡ ರಭಸಕ್ಕೆ ಅದು ಅವಳ ಬಾಯಿಗೆ ಬಡಿದು ತುಟಿ ಒಡೆಯಿತು. “ಮೂರು ಹೊತ್ತು ಅನ್ನ ಹಾಕಿದವನನ್ನ ಹೀಗಾ ಕಳಿಸೋದು ನೀನು?” ಎಂದು ಅವಳ ಕತ್ತಿಗೆ ಕೈ ಹಾಕಿದ. ಮಗಳು ಹಿಂದಿನಿಂದ ಅವನ ಹೆಬ್ಬೆರಳು ಹಿಡಿದು ಹಿಂದಕ್ಕೆ ಮಡಚಿದಳು. ಅವನು ಕಿರುಚಿ ಪ್ರೊಜೆಕ್ಟರಿನ ಮೇಲೆ ಬಿದ್ದ. ಮೇಜು ಮಗುಚಿತು, ದೀಪ ಸಿಡಿಯಿತು. ಗಂಡಸರು ಒಬ್ಬರ ಮೇಲೊಬ್ಬರು ಬಿದ್ದರು. ಯಾರು ಯಾರನ್ನು ಬಿಡಿಸುತ್ತಿದ್ದಾರೆ, ಯಾರು ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯದ ಹಾಗಾಯಿತು. ಪೆಟ್ಟಿಗೆ ಒಮ್ಮೆ ಓಲಾಡಿ ನಿಂತಿತು.

ಆ ಗದ್ದಲದಲ್ಲಿ ಕಂಡಕ್ಟರ್ ಹೆಂಡತಿಯನ್ನು ಕೂದಲು ಹಿಡಿದು ಹೊರಗೆ ಎಳೆಯುತ್ತಿದ್ದುದು ಸಿನಿಮಾದಕ್ಕನ ಕಣ್ಣಿಗೆ ಬಿತ್ತು. ಅವಳು ಬಾಗಿಲ ಕಡೆ ಓಡಿದಳು.

ಅಂಗಳದಲ್ಲಿ ಅವನು ಹುಡುಗಿಯ ತಲೆಯನ್ನು ಗೇಟಿನ ಕಂಬಿಗೆ ಒಂದು ಸಲ ಕುಟ್ಟಿ ಆಗಿತ್ತು. “ನಲ್ಲಿ ಹತ್ರ ಏನೇ ಊದಿದೆ? ಊರ ಮುಂದೆ ನನ್ನ...” ಎನ್ನುತ್ತ ಅವಳ ಎಡಗೈಯನ್ನು ಬೆನ್ನ ಹಿಂದಕ್ಕೆ ತಿರುಚಿದ. ಒಣ ಕಡ್ಡಿ ಲಟಕ್ಕೆಂದ ಹಾಗೆ ಕೇಳಿಸಿತು. ಅದು ಸಿನಿಮಾದಕ್ಕನ ಬಲಗಿವಿಗೆ ಸ್ಪಷ್ಟವಾಗಿ ಬಿತ್ತು.

ಈ ಸಲ ಕಾಲು ತಾನಾಗಿ ಎದ್ದಿತು. ಅವಳು ನೇರವಾಗಿ ಹೋಗಿ ಇಬ್ಬರ ನಡುವೆ ನುಗ್ಗಿದಳು. ಹುಡುಗಿಗೆ ಬೆನ್ನು ಕೊಟ್ಟು, ಅವನ ಕಡೆ ಮುಖ ಮಾಡಿ ನಿಂತಳು. ಅವನ ಮೊದಲ ಗುದ್ದು ಅವಳ ಕೆನ್ನೆಯ ಮೂಳೆಗೆ ಬಿತ್ತು. ಅವಳು ಬೀಳಲಿಲ್ಲ. ಇಪ್ಪತ್ತೆಂಟು ವರ್ಷ ಇದಕ್ಕಿಂತ ಗಟ್ಟಿ ಕೈಯ ಏಟು ತಿಂದ ಮೈ ಅದು. ಮೇಲಕ್ಕೆ ನೋಡಿ, ಬಾಯಲ್ಲಿದ್ದ ರಕ್ತವನ್ನು ಅವನ ಬಿಳಿ ಅಂಗಿಯ ಮೇಲೆ ಉಗಿದಳು.

“ಹೊಡಿ,” ಎಂದಳು. “ಎಲ್ಲರೂ ಇದ್ದಾರೆ. ಇಲ್ಲೇ ಹೊಡಿ.”

ಅವನು ಸುತ್ತ ನೋಡಿದ. ಬಾಗಿಲಲ್ಲಿ, ಮೆಟ್ಟಿಲ ಮೇಲೆ, ಕಿಟಕಿಗಳಲ್ಲಿ ಜನ. ದರ್ಜಿಯ ಹೆಂಡತಿ ಎಲ್ಲಿಂದಲೋ ಒಂದು ಕುರ್ಚಿ ಎತ್ತಿಕೊಂಡು ಬಂದು ತಲೆಯ ಮೇಲೆ ಹಿಡಿದು ನಿಂತಿದ್ದಳು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವನು ಅದೇ ಕೈಯಿಂದ ಅಂಗಿ ಒರೆಸಿಕೊಂಡ.

ಮಗಳು ಅಷ್ಟರಲ್ಲಿ ತನ್ನ ಶಾಲು ಹರಿದು ಹುಡುಗಿಯ ಕೈಯನ್ನು ಕತ್ತಿಗೆ ಕಟ್ಟುತ್ತಿದ್ದಳು. “ಎರಡು ಕಡೆ ಮುರಿದಿದೆ. ಒಂದು ಈಗಿನದು, ಒಂದು ಹಳೇದು. ಈಗ್ಲೇ ಹೋಗ್ಬೇಕು.”

ಬೋಧಕರು ತಲೆಬಾಗಿಲಲ್ಲಿ ನಿಂತಿದ್ದರು. ಅವರ ಕನ್ನಡಕ ಒಡೆದಿತ್ತು. “ತಂಗೀ, ಮಣ್ಣು ಮಾಡೋ ಹೊತ್ತಾಯ್ತು. ಮೊದಲ ಹಿಡಿ ನೀವು ಹಾಕಬೇಕು.”

ಅವಳು ಒಳಗೆ ನೋಡಿದಳು. ಕುರ್ಚಿಗಳ ನಡುವೆ ಪೆಟ್ಟಿಗೆಯ ಒಂದು ಮೂಲೆ ಕಂಡಿತು. ಕಿವಿಗೆ ಹತ್ತಿಯಿಟ್ಟು ನಗಿಸಿದ ಏಳು ತಿಂಗಳು ನೆನಪಾಯಿತು. ಅವಳಿಗೆ ಅಳು ಬಂತು. ಅದನ್ನು ಅವಳು ತಡೆಯಲಿಲ್ಲ.

“ನೀವೇ ಹಾಕಿಬಿಡಿ,” ಎಂದು, ಅಳುತ್ತಲೇ ಗೇಟು ದಾಟಿದಳು.

*

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಹುಡುಗಿ ನಡುವೆ. ಅವಳ ಹಣೆಯ ರಕ್ತ ಹುಬ್ಬಿನ ಮೇಲೆ ಗಟ್ಟಿಯಾಗಿತ್ತು. ಮಗಳು ತಾಯಿಯ ತುಟಿ ಒರೆಸಿದಳು. ಒರೆಸುವಾಗ ಅವಳ ಅಂಗೈಯ ಹಳೆಯ ಗಾಯದ ಉಬ್ಬು ತಾಯಿಯ ಗಲ್ಲಕ್ಕೆ ತಗುಲಿತು.

“ಆವತ್ತು ನಿಂಗೆ ಹೊಡೆದೆ,” ಎಂದಳು ತಾಯಿ.

“ಹೂಂ.”

“ಅವರ ಕಡೆ ತಿರುಗಿ ನಿಲ್ಲಬೇಕಿತ್ತು ನಾನು.”

“ಮಾತಾಡ್ಬೇಡ, ತುಟಿ ಬಿಚ್ಚುತ್ತೆ,” ಎಂದಳು ಮಗಳು. ಹತ್ತಿ ಬದಲಿಸಿದಳು, ಮತ್ತೆ ಒರೆಸಿದಳು.

ದೊಡ್ಡ ರಿಜಿಸ್ಟರ್ ಹಿಡಿದ ಗುಮಾಸ್ತ ಬಂದು ಎದುರಿಗೆ ಸ್ಟೂಲೆಳೆದು ಕೂತ. ದಣಿದಿದ್ದ. ಬೆಳಗಿನಿಂದ ಬರೆದು ಅವನ ತೋರುಬೆರಳು ಪೂರ್ತಿ ನೀಲಿಯಾಗಿತ್ತು. ಹುಡುಗಿಯ ಹೆಸರು ಕೇಳಿದ, ವಯಸ್ಸು ಕೇಳಿದ, ಬರೆದುಕೊಂಡ. ‘ಪೆಟ್ಟಾದ ಕಾರಣ’ ಎಂಬ ಕಾಲಮಿಗೆ ಬಂದಾಗ ಅವನು ತಲೆ ಎತ್ತಲಿಲ್ಲ, ಏನೂ ಕೇಳಲಿಲ್ಲ. ಮೇಲಿನ ಸಾಲಿನಲ್ಲಿ ಬರೆದಂತೆ, ಅದರ ಮೇಲಿನ ಸಾಲಿನಲ್ಲಿ ಬರೆದಂತೆ, ‘ಮೆಟ್ಟಿಲಿನಿಂದ ಜಾರಿ’ ಎಂದು ಬರೆಯತೊಡಗಿದ.

ಸಿನಿಮಾದಕ್ಕ ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯ ಬಲಗೈ ಮುಂದೆ ಬಂತು. ಹಸಿ ಶಾಯಿಯ ಮೇಲೆ ಅವಳು ಅಂಗೈಯನ್ನು ಊರಿದಳು. ಗುಮಾಸ್ತ ಪೆನ್ನನ್ನು ಗಾಳಿಯಲ್ಲಿ ಹಿಡಿದು ಅವಳ ಮುಖ ನೋಡಿದ. ಅವಳು ಕೈ ತೆಗೆಯಲಿಲ್ಲ.